ಅಂಗಡಿ ಯಾರ ಹೆಸರಿನಲ್ಲಿದೆ?



ಬೇಸಿಗೆ ಬಂತೆಂದರೆ ನಮ್ಮ ಹೆಂಗಸರ ಕೈಗೆ ಬಿಡುವಿಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ. ಮೊದಲು ಮನೆಗೆ, ಆಮೇಲೆ ನೆಂಟರಿಗೆ, ಆಮೇಲೆ “ನಮಗೂ ಅರ್ಧ ಕೆ.ಜಿ. ಮಾಡಿಕೊಡಿ, ದುಡ್ಡು ಕೊಡ್ತೀವಿ” ಅಂದವರಿಗೆ. ಹೀಗೆ ಶುರುವಾದದ್ದು ಎಷ್ಟೋ ಮನೆಗಳಲ್ಲಿ ಈಗ ಒಳ್ಳೆಯ ವ್ಯಾಪಾರವೇ ಆಗಿದೆ. ಕೈ ಕೆಸರಾದರೆ ಬಾಯಿ ಮೊಸರು. ಸಂತೋಷದ ವಿಷಯವೇ.

ಆದರೆ ಈಚೆಗೆ ನನಗೆ ಬರುವ ಕಾಗದಗಳಲ್ಲಿ ಹದ, ಅಳತೆ ಕೇಳುವವರಿಗಿಂತ ಕಾನೂನು ಕೇಳುವವರೇ ಹೆಚ್ಚಾಗಿದ್ದಾರೆ. “ಹತ್ತು ಮನೆಗೆ ಕೊಡುವ ಚಟ್ನಿಪುಡಿಗೂ ಲೈಸೆನ್ಸು ಬೇಕೇ?” ಅಂತ ಒಬ್ಬರು ಕೇಳಿದ್ದಾರೆ. ಇನ್ನೊಬ್ಬರು ಬರೆದಿದ್ದಾರೆ: “ನಮ್ಮ ಯಜಮಾನರು ನನ್ನ ಹೆಸರಿನಲ್ಲಿ ಅಂಗಡಿ ಮಾಡಿದ್ದಾರೆ. ಅವರು ತೋರಿಸಿದ ಕಡೆ ಸಹಿ ಹಾಕುತ್ತೇನೆ. ಇದರಿಂದ ನನಗೇನಾದರೂ ತೊಂದರೆ ಇದೆಯೇ?”

ನಾನು ವಕೀಲಳಲ್ಲ, ಹೈಸ್ಕೂಲು ಮುಗಿಸಿ ಸಂಸಾರಕ್ಕೆ ನಿಂತವಳು. ಆದರೂ ತಿಳಿದವರನ್ನು ಕೇಳಿ, ಪುಸ್ತಕ ತಿರುವಿ, ನಮಗೆ ಬೇಕಾದಷ್ಟನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎರಡನೆಯ ಕಾಗದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಸಹಿ ನಿಮ್ಮದಾದರೆ ಹೊಣೆಯೂ ನಿಮ್ಮದು

ಹೆಂಡತಿಯ ಹೆಸರಿನಲ್ಲಿ ಅಂಗಡಿ ಮಾಡುವುದು ನಮ್ಮ ಕಡೆ ಹೊಸದಲ್ಲ. ಕೆಲವು ಕಡೆ ಯಜಮಾನರು ಸರ್ಕಾರಿ ಕೆಲಸದಲ್ಲಿರುತ್ತಾರೆ. ಕೆಲವು ಕಡೆ ಹೆಂಗಸರ ಹೆಸರಿಗೆ ಸಾಲ, ಸಬ್ಸಿಡಿ ಸಿಗುತ್ತದೆ ಎಂದು ಹಾಗೆ ಮಾಡುತ್ತಾರೆ. ನಮ್ಮ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇರುವುದೇ ಹೆಂಗಸರಿಗಾಗಿ. ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ಒಬ್ಬರೇ ಮಾಲೀಕರಿರುವ ಅಂಗಡಿ ಮತ್ತು ಅದರ ಮಾಲೀಕರು, ಈ ಎರಡೂ ಕಾನೂನಿನ ಕಣ್ಣಿಗೆ ಒಂದೇ. ಅಂಗಡಿಯ ಸಾಲ ನಿಮ್ಮ ಸ್ವಂತ ಸಾಲ. ಅದನ್ನು ತೀರಿಸಲು ಅಂಗಡಿಯಲ್ಲಿರುವ ಸರಕು ಸಾಲದೇ ಹೋದರೆ ನಿಮ್ಮ ಹೆಸರಿನಲ್ಲಿರುವ ಸೈಟು, ಬ್ಯಾಂಕಿನ ಹಣದವರೆಗೂ ಅದು ಬರಬಹುದು. “ವ್ಯಾಪಾರ ನೋಡಿಕೊಳ್ಳುವವರು ಅವರು, ನಾನು ಅಡಿಗೆಮನೆಯಲ್ಲಿದ್ದೆ” ಎಂದರೆ ಕೋರ್ಟಿನಲ್ಲಿ ಅಷ್ಟು ಸುಲಭವಾಗಿ ನಡೆಯುವುದಿಲ್ಲ.

ಚೆಕ್ಕಿನ ವಿಷಯವನ್ನಂತೂ ಗಟ್ಟಿಯಾಗಿ ಹೇಳಬೇಕು. ಸರಕು ಕೊಡುವ ಹೋಲ್‌ಸೇಲಿನವರು “ಭದ್ರತೆಗೆ ಇರಲಿ” ಎಂದು ಖಾಲಿ ಚೆಕ್ಕಿಗೆ ಸಹಿ ಮಾಡಿಸಿಕೊಳ್ಳುತ್ತಾರೆ. ಮೊತ್ತ ಬರೆದಿಲ್ಲವಲ್ಲ, ಅದೇನು ಮಾಡೀತು ಎಂದು ನಾವು ಅಂದುಕೊಳ್ಳುತ್ತೇವೆ. 2019ರಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತು: ಒಬ್ಬರು ತಾವಾಗಿ ಸಹಿ ಮಾಡಿ, ಯಾವುದೋ ಬಾಬ್ತಿನ ಹಣಕ್ಕೆಂದು ಖಾಲಿ ಚೆಕ್ಕು ಕೊಟ್ಟಿದ್ದರೆ, ಮೊತ್ತವನ್ನು ಬೇರೆಯವರು ತುಂಬಿದ್ದರೂ ಅದು ಕೊಡಬೇಕಾದ ಹಣಕ್ಕೆ ಕೊಟ್ಟ ಚೆಕ್ಕು ಎಂದೇ ಕಾನೂನು ಭಾವಿಸುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊರೆ ಸಹಿ ಮಾಡಿದವರ ಮೇಲೇ ಬೀಳುತ್ತದೆ.

ಚೆಕ್ಕು ಹಣವಿಲ್ಲದೆ ವಾಪಸಾದರೆ, ಅದು ತಿಳಿದ 30 ದಿನಗಳೊಳಗೆ ಹಣ ಬರಬೇಕಾದವರು ನಿಮಗೆ ನೋಟೀಸು ಕಳಿಸುತ್ತಾರೆ. ನೋಟೀಸು ಕೈಗೆ ಬಂದ ಮೇಲೆ ಹಣ ಕಟ್ಟಲು ನಿಮಗೆ 15 ದಿನ ಸಮಯ. ಅಷ್ಟರಲ್ಲಿ ಕಟ್ಟಿದರೆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ. ಕಟ್ಟದಿದ್ದರೆ ಅವರು ಒಂದು ತಿಂಗಳೊಳಗೆ ಕೋರ್ಟಿನಲ್ಲಿ ಫಿರ್ಯಾದು ಹಾಕಬಹುದು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ರಿಜಿಸ್ಟರ್ಡ್ ಅಂಚೆ ಬಂದರೆ ಹೆದರಿ “ಬೇಡ, ವಾಪಸ್ ಕಳಿಸಿ” ಎಂದು ಪೋಸ್ಟ್‌ಮನ್ನಿಗೆ ಹೇಳಬೇಡಿ. ತೆಗೆದುಕೊಳ್ಳದಿದ್ದರೂ ತಲುಪಿದೆ ಎಂದೇ ಲೆಕ್ಕ ಹಿಡಿಯುತ್ತಾರೆ. ಕಳೆದುಹೋಗುವುದು ನಿಮ್ಮ ಆ 15 ದಿನ ಮಾತ್ರ.

ಜಾಮೀನೂ ಹೀಗೆಯೇ. ಮೈದುನನ ಸಾಲಕ್ಕೋ ನಾದಿನಿಯ ಗಂಡನ ಸಾಲಕ್ಕೋ “ಸುಮ್ಮನೆ ಒಂದು ಸಹಿ” ಎನ್ನುತ್ತಾರೆ. 1872ರ ಕರಾರು ಕಾಯಿದೆಯ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರರಿಗೂ ಅಷ್ಟೇ ಹೊಣೆ. ಸಾಲಗಾರನನ್ನು ಬಿಟ್ಟು ನೇರವಾಗಿ ನಿಮ್ಮ ಮನೆಗೇ ಬರಬಹುದು.

ಹಾಗಾದರೆ ಗಂಡನಿಗೆ ಸಹಿ ಹಾಕಿ ಕೊಡಬಾರದೇ? ಹಾಗಲ್ಲ ತಾಯಿ. ಓದಿ ಹಾಕಿ, ಅಷ್ಟೆ. “ಇದು ಏನು ಕಾಗದ, ಎಷ್ಟು ಮೊತ್ತ, ಯಾವ ತಾರೀಖು?” ಈ ಮೂರು ಪ್ರಶ್ನೆ ಕೇಳುವುದು ಅಪನಂಬಿಕೆಯಲ್ಲ. ಮನೆಗೆ ತಂದ ಬೇಳೆಯನ್ನೂ ನಾವು ಕಲ್ಲು ಆರಿಸಿಯೇ ಬೇಯಿಸುತ್ತೇವೆ. ಅಂಗಡಿಯವನ ಮೇಲಿನ ಕೋಪಕ್ಕೆ ಹಾಗೆ ಮಾಡುವುದಿಲ್ಲವಲ್ಲ! ಸಹಿ ಹಾಕಿದ ಪ್ರತಿ ಕಾಗದದ ಒಂದು ನಕಲು ನಿಮ್ಮ ಟ್ರಂಕಿನಲ್ಲಿರಲಿ.

ತಿನ್ನುವ ಪದಾರ್ಥ ಮಾರುವವರಿಗೆ

ಈಗ ಚಟ್ನಿಪುಡಿಯ ಪ್ರಶ್ನೆ. ಹೌದು, ಹತ್ತೇ ಮನೆಗೆ ಕೊಟ್ಟರೂ ಮಾರಾಟಕ್ಕೆಂದು ಮಾಡಿದರೆ ಅದು ಆಹಾರದ ವ್ಯಾಪಾರವೇ. 2006ರ ಆಹಾರ ಸುರಕ್ಷತೆ ಕಾಯಿದೆಯಡಿ ದೊಡ್ಡ ವ್ಯಾಪಾರಕ್ಕೆ ಲೈಸೆನ್ಸು, ಮನೆಯಲ್ಲಿ ಮಾಡುವ ನಮ್ಮಂಥ ಚಿಕ್ಕವರಿಗೆ ನೋಂದಣಿ. ಇದನ್ನು ಎಫ್.ಎಸ್.ಎಸ್.ಎ.ಐ. ನೋಂದಣಿ ಎನ್ನುತ್ತಾರೆ. ಸಿಗುವ ನಂಬರಿನಲ್ಲಿ 14 ಅಂಕಿ ಇರುತ್ತವೆ. ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಇಟ್ಟುಕೊಂಡು ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಚಿಕ್ಕವರ ನೋಂದಣಿಗೆ ಸರ್ಕಾರಿ ಶುಲ್ಕ ತೀರಾ ಅಲ್ಪ. “ಮಾಡಿಸಿಕೊಡ್ತೀವಿ” ಎಂದು ಸಾವಿರಾರು ರೂಪಾಯಿ ಕೇಳುವವರು ಫೋನು ಮಾಡಿದರೆ ಮೊದಲು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.

ಪೊಟ್ಟಣ ಕಟ್ಟಿ ಅಂಗಡಿಗೆ ಹಾಕುವವರು ಚೀಟಿಯ ಮೇಲೆ ಇಷ್ಟನ್ನು ಮರೆಯಬೇಡಿ:

ಪದಾರ್ಥದ ಹೆಸರು. ಅದರಲ್ಲಿ ಏನೇನು ಹಾಕಿದೆ ಎಂಬುದು, ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ. ನಿವ್ವಳ ತೂಕ. ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ. ಮಾಡಿದ ದಿನ, ಎಷ್ಟು ದಿನದೊಳಗೆ ಬಳಸಬೇಕು ಎಂಬುದು. ಬ್ಯಾಚಿನ ನಂಬರು. ನಿಮ್ಮ ಹೆಸರು, ಪೂರ್ತಿ ವಿಳಾಸ, ದೂರು ಹೇಳಲು ಫೋನು. ಆ 14 ಅಂಕಿಯ ನಂಬರು. ಸಸ್ಯಾಹಾರವಾದರೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ. ಕಡಲೆಕಾಯಿ, ಗೋಧಿ, ಹಾಲು ಇಂಥವು ಇದ್ದರೆ ಅದನ್ನೂ ಎದ್ದು ಕಾಣುವಂತೆ ಹೇಳಬೇಕು. ಒಗ್ಗದವರು ತಿಂದರೆ ಪ್ರಾಣಕ್ಕೇ ಅಪಾಯ.

ಇಲ್ಲೊಂದು ಮುಳ್ಳಿದೆ. ಬರೇ ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಸಾಲದು. ಕೇಂದ್ರದ ನಿಯಮದಂತೆ ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ. ನಮ್ಮ ಊರಿನ ಗಿರಾಕಿಗೆ ಓದಲು ಕನ್ನಡವೂ ಬೇಕು, ನಿಯಮಕ್ಕೆ ಇಂಗ್ಲಿಷೂ ಬೇಕು. ಸಾವಿರ ಚೀಟಿ ಅಚ್ಚು ಹಾಕಿಸುವ ಮೊದಲೇ ಇದನ್ನು ನೋಡಿಕೊಳ್ಳಿ.

ಇನ್ನು ತಕ್ಕಡಿ. ಅಡಿಗೆಮನೆಯಲ್ಲಿ ಮೈದಾ ತೂಗುವ ಪುಟ್ಟ ಯಂತ್ರದಲ್ಲಿ ತೂಗಿ ಮಾರುವಂತಿಲ್ಲ. ವ್ಯಾಪಾರದ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇರಬೇಕು, ಅದನ್ನು ಕಾಲಕಾಲಕ್ಕೆ ಹೊಸದು ಮಾಡಿಸುತ್ತಿರಬೇಕು.

ಫೋನಿಗೆ ಬರುವ ದುಡ್ಡು

2025ರ ಜುಲೈ ತಿಂಗಳು ನೆನಪಿದೆಯೇ? ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು, ಬೇಕರಿ, ಟೀ ಅಂಗಡಿ, ಬೀಡಾ ಅಂಗಡಿ, ತರಕಾರಿಯವರು ಎಂದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದ್ದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದಲ್ಲಿ ಸುಮಾರು 1 ಕೋಟಿ 63 ಲಕ್ಷ ರೂಪಾಯಿ ಬಂದಿದೆ ಎಂದು 29 ಲಕ್ಷದ ನೋಟೀಸು ಬಂದದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ತಾಜಾ ತರಕಾರಿಗೆ ಜಿ.ಎಸ್.ಟಿ.ಯೇ ಇಲ್ಲ! ಆದರೂ ಅದನ್ನು ಉತ್ತರ ಬರೆದು ತೋರಿಸಬೇಕಾದವರು ವ್ಯಾಪಾರಿಯೇ. ಗಲಾಟೆಯಾಯಿತು. ಅಂಗಡಿಗಳ ಮುಂದೆ ‘ಯು.ಪಿ.ಐ. ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಂದವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿಯಾಗಬೇಕಾದವರು ಆಗಲೇಬೇಕು ಎಂದರು.

ಆ ಗಲಾಟೆಯಿಂದ ನಾವು ಕಲಿಯಬೇಕಾದದ್ದು ಯು.ಪಿ.ಐ. ಬಿಡುವುದನ್ನಲ್ಲ. ತೆರಿಗೆಯ ಲೆಕ್ಕಕ್ಕೆ ನಗದೂ ಒಂದೇ, ಯು.ಪಿ.ಐ.ಯೂ ಒಂದೇ. ಕಲಿಯಬೇಕಾದದ್ದು ಖಾತೆ ಬೇರೆ ಇಡುವುದನ್ನು. ಮಗ ಬೆಂಗಳೂರಿನಿಂದ ಕಳಿಸಿದ ಹಣ, ಚೀಟಿಯ ಹಣ, ತಂಗಿ ವಾಪಸು ಕೊಟ್ಟ ಕೈಸಾಲ, ಚಟ್ನಿಪುಡಿಯ ಹಣ ಎಲ್ಲವೂ ಒಂದೇ ಖಾತೆಗೆ ಬಂದರೆ ನೋಡುವವರಿಗೆ ಎಲ್ಲವೂ ವ್ಯಾಪಾರವೇ. ಎರಡು ವರ್ಷ ಆದ ಮೇಲೆ ಯಾವುದು ಯಾವುದೆಂದು ನಮಗೇ ನೆನಪಿರುವುದಿಲ್ಲ. ತಾಯಿ ಮಗಳಾದರೂ ಬಾಯಿ ಹೊಟ್ಟೆ ಬೇರೆ ಎನ್ನುತ್ತಾರಲ್ಲ, ಹಾಗೆ ಮನೆಯ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ.

ಮಿತಿ ಎಷ್ಟು? ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿ.ಎಸ್.ಟಿ. ನೋಂದಣಿ. ಸೇವೆ ಮಾಡುವವರಿಗೆ, ಅಂದರೆ ಬ್ಯೂಟಿ ಪಾರ್ಲರು, ಊಟದ ಮೆಸ್ಸು ಇಂಥವಕ್ಕೆ, 20 ಲಕ್ಷ. ಇದು ಲಾಭದ ಲೆಕ್ಕವಲ್ಲ, ಒಟ್ಟು ಮಾರಾಟದ ಲೆಕ್ಕ.

“ನಮಗೆಲ್ಲಿಯ 40 ಲಕ್ಷ!” ಎಂದು ನಗಬೇಡಿ. ಇಲ್ಲಿ ಇನ್ನೊಂದು ಮುಳ್ಳಿದೆ, ಇದು ಚಿಕ್ಕವರಿಗೇ ಚುಚ್ಚುವಂಥದು. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯದ ಗಿರಾಕಿಗೆ ಮಾರಿ ಕಳಿಸಿದರೆ ಈ 40 ಲಕ್ಷದ ರಿಯಾಯಿತಿ ಸಿಗುವುದಿಲ್ಲ, ಸಾಮಾನ್ಯವಾಗಿ ಮೊದಲ ಪಾರ್ಸಲಿಗೇ ನೋಂದಣಿ ಬೇಕು. ಪುಣೆ, ಮುಂಬೈ, ಚೆನ್ನೈಯಲ್ಲಿರುವ ಕನ್ನಡದವರು ನಮ್ಮ ಉಪ್ಪಿನಕಾಯಿ, ಚಟ್ನಿಪುಡಿಗೆ ಬಾಯಿ ಚಪ್ಪರಿಸಿ ಆರ್ಡರು ಕಳಿಸುತ್ತಾರೆ. ಇವೆರಡಕ್ಕೂ ತೆರಿಗೆ ಇದೆ. ಹಪ್ಪಳಕ್ಕೆ ಇಲ್ಲ. ಬರೇ ಹಪ್ಪಳ ಮಾರುವವರು ಹೊರರಾಜ್ಯಕ್ಕೆ ಕಳಿಸಿದರೂ ನೋಂದಣಿ ಬೇಕಿಲ್ಲ. ಜೊತೆಗೆ ಒಂದು ಡಬ್ಬಿ ಉಪ್ಪಿನಕಾಯಿಯನ್ನೂ ಮಾರಿ ಕಳಿಸಿದರೆ ವಿಷಯ ಬೇರೆಯಾಗುತ್ತದೆ. ಮಗಳ ಮನೆಗೆ ಪ್ರೀತಿಗೆ ಕಳಿಸುವ ಡಬ್ಬಿಯ ಮಾತಲ್ಲ ಇದು, ದುಡ್ಡಿಗೆ ಮಾರಿದ್ದರ ಮಾತು. ಹೊರರಾಜ್ಯದ ಆರ್ಡರು ಹಿಡಿಯುವ ಮೊದಲು ಒಬ್ಬ ಆಡಿಟರನ್ನು ಕೇಳಿ. ಅವರಿಗೆ ಕೊಡುವ ಫೀಸು ದಂಡಕ್ಕಿಂತ ಅಗ್ಗ.

ಜಾಗ, ಬೋರ್ಡು, ಕರೆಂಟು

ಊರೊಳಗೆ ಮಳಿಗೆ ಹಿಡಿದರೆ ಪುರಸಭೆ ಅಥವಾ ನಗರಸಭೆಯ ವ್ಯಾಪಾರ ಪರವಾನಗಿ ಬೇಕು, ಹಳ್ಳಿಯಾದರೆ ಗ್ರಾಮ ಪಂಚಾಯ್ತಿಯನ್ನು ಕೇಳಬೇಕು. ಪಟ್ಟಣದ ಪರವಾನಗಿಯ ವರ್ಷ ಏಪ್ರಿಲಿನಿಂದ ಮಾರ್ಚಿಗೆ. ಜನವರಿಯಲ್ಲಿ ತೆಗೆದುಕೊಂಡು “ಒಂದು ವರ್ಷ ಆಯಿತಲ್ಲ” ಎಂದು ಸುಮ್ಮನಿರಬೇಡಿ. ಅಂಗಡಿಗಳ ಬಗ್ಗೆ ನಮ್ಮ ರಾಜ್ಯದ್ದೇ 1961ರ ಕಾಯಿದೆಯೊಂದಿದೆ. ನಿಮ್ಮ ಅಂಗಡಿಗೆ ಅದರಡಿ ನೋಂದಣಿ ಬೇಕೇ ಎಂದು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿಕೊಳ್ಳಿ.

ಬೋರ್ಡು ಬರೆಸುವಾಗ ನೆನಪಿಡಿ: 2024ರಲ್ಲಿ ತಿದ್ದಿದ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯಂತೆ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕು, ಅದೂ ಮೇಲಿನ ಅರ್ಧದಲ್ಲಿ. ಪೇಂಟರು “ಇಂಗ್ಲಿಷು ಮೇಲಿದ್ದರೆ ಚೆಂದ” ಎಂದರೆ ಒಪ್ಪಬೇಡಿ, ಎರಡನೇ ಸಲ ಬರೆಸುವ ಖರ್ಚು ನಿಮ್ಮದು.

ಮನೆಯ ಕರೆಂಟಿನಲ್ಲಿ ಹಿಟ್ಟಿನ ಗಿರಣಿಯನ್ನೋ ದೊಡ್ಡ ಗ್ರೈಂಡರನ್ನೋ ವ್ಯಾಪಾರಕ್ಕೆ ಓಡಿಸುವುದೂ ಅಪಾಯವೇ. 2003ರ ವಿದ್ಯುತ್ ಕಾಯಿದೆಯಲ್ಲಿ ಒಂದು ಕೆಲಸಕ್ಕೆ ಪಡೆದ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ ಆ ಕೆಲಸದ ದರದ ಎರಡರಷ್ಟು ಲೆಕ್ಕ ಹಾಕುತ್ತಾರೆ. ಮನೆಬಳಕೆಯ ಗ್ಯಾಸ್ ಸಿಲಿಂಡರಿನಲ್ಲಿ ವ್ಯಾಪಾರದ ಅಡಿಗೆ ಮಾಡುವಂತಿಲ್ಲ ಎಂಬುದು ನಿಮಗೆ ಗೊತ್ತಿರುವುದೇ. ಅದಕ್ಕೆ ಬೇರೆ ಸಿಲಿಂಡರೇ ಇದೆ.

ಬಾಡಿಗೆ ಮಳಿಗೆಯ ಕರಾರು 11 ತಿಂಗಳಿಗೆ ಯಾಕೆ ಬರೆಯುತ್ತಾರೆ ಗೊತ್ತೇ? ಒಂದು ವರ್ಷಕ್ಕೆ ಮೀರಿದ ಬಾಡಿಗೆ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದಕ್ಕೆ. ಐದು ವರ್ಷ ಅಲ್ಲೇ ಇರುವ ಯೋಚನೆಯಿದ್ದು, ಕಪಾಟು, ಶಟರಿಗೆಂದು ಹಣ ಸುರಿಯುವವರು ನೋಂದಾಯಿಸಿದ ಪತ್ರವನ್ನೇ ಮಾಡಿಸಿ. ಮುಂಗಡಕ್ಕೆ ರಸೀದಿ ಇಲ್ಲದಿದ್ದರೆ ಕೊಟ್ಟೇ ಇಲ್ಲ ಎಂದ ಹಾಗೆ.

ಕೂಡಿ ಮಾಡುವವರು, ಕೆಲಸಕ್ಕೆ ಇಟ್ಟುಕೊಳ್ಳುವವರು

ಅಕ್ಕಪಕ್ಕದ ಇಬ್ಬರು ಗೆಳತಿಯರು ಸೇರಿ ವ್ಯಾಪಾರ ಮಾಡುವುದು ಎಷ್ಟು ಚೆಂದವೋ ಅಷ್ಟೇ ನಾಜೂಕು. ಹಣ ಇಬ್ಬರದು, ಬರವಣಿಗೆ ಏನೂ ಇಲ್ಲ. “ನಮ್ಮಿಬ್ಬರ ನಡುವೆ ಕಾಗದ ಯಾಕೆ?” ಎನ್ನುತ್ತಾರೆ. 1932ರ ಪಾಲುದಾರಿಕೆ ಕಾಯಿದೆ ಫರ್ಮನ್ನು ನೋಂದಾಯಿಸಿ ಎಂದು ಬಲವಂತ ಮಾಡುವುದಿಲ್ಲ. ಆದರೆ ನೋಂದಾಯಿಸದ ಫರ್ಮು ತನಗೆ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವಾ ಹೂಡುವಂತಿಲ್ಲ. ಪಾಲುದಾರಳೂ ತನ್ನ ಕರಾರಿನ ಹಕ್ಕಿಗಾಗಿ ಇನ್ನೊಬ್ಬಳ ಮೇಲೆ ದಾವಾ ಹೂಡುವಂತಿಲ್ಲ. ಬೇರೆಯವರು ಮಾತ್ರ ನಿಮ್ಮ ಮೇಲೆ ಹೂಡಬಹುದು! ಇದು ಎಂಥ ಇಕ್ಕಟ್ಟು ನೋಡಿ. ಅದೂ ಅಲ್ಲದೆ ಒಬ್ಬಳು ಫರ್ಮಿನ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಇಬ್ಬರೂ ಬದ್ಧರು. ಯಾರ ಬಂಡವಾಳ ಎಷ್ಟು, ಲಾಭದ ಪಾಲು ಎಷ್ಟು, ಬೇಡವೆಂದಾಗ ಬಿಡುವುದು ಹೇಗೆ ಎಂದು ನಗುತ್ತಿರುವಾಗಲೇ ಬರೆದಿಡಿ. ಮುನಿಸು ಬಂದ ಮೇಲೆ ಬರೆಯಲು ಆಗುವುದಿಲ್ಲ.

ಕೆಲಸದವಳ ಮಗಳು ಹನ್ನೆರಡು ವರ್ಷದವಳು, ಚುರುಕು, ಶಾಲೆ ಬಿಡಿಸಿ ಹಪ್ಪಳ ಲಟ್ಟಿಸಲು ಕಳಿಸುತ್ತೇನೆ ಎಂದು ತಾಯಿಯೇ ಹೇಳಬಹುದು. ಬೇಡ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20 ಸಾವಿರದಿಂದ 50 ಸಾವಿರದವರೆಗೆ ದಂಡ, ಅಥವಾ ಎರಡೂ. ಕಾನೂನು ಹಾಗಿರಲಿ, ನಮ್ಮ ಮಗಳು ಆ ವಯಸ್ಸಿನಲ್ಲಿ ಎಲ್ಲಿದ್ದಳು ಎಂದು ಒಮ್ಮೆ ಯೋಚಿಸಿದರೆ ಸಾಕು.

ಬಾಕಿ ಬರದಿದ್ದಾಗ

ಕಾನೂನು ಹೆದರಿಸಲಿಕ್ಕೆ ಮಾತ್ರವಲ್ಲ, ನಮ್ಮ ಕಡೆಗೂ ನಿಲ್ಲುತ್ತದೆ. ದೊಡ್ಡ ಅಂಗಡಿಯವರು ನಿಮ್ಮ ಸರಕು ಇಳಿಸಿಕೊಂಡು “ಮುಂದಿನ ವಾರ ಬನ್ನಿ” ಎಂದು ಅಲೆಸುತ್ತಾರಲ್ಲ, ಅವರಿಗೆ ಹೇಳಲು ಒಂದು ಮಾತು ಇಲ್ಲಿದೆ. ನೀವೇ ತಯಾರಿಸಿ ಮಾರುವವರಾದರೆ ಉದ್ಯಮ್ ನೋಂದಣಿ ಮಾಡಿಕೊಳ್ಳಿ. ಅದಕ್ಕೆ ಸರ್ಕಾರ ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ. ನೋಂದಣಿಯಾದ ಕಿರು, ಸಣ್ಣ ಉದ್ದಿಮೆಯ ಸರಕಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು ಎಂದು 2006ರ ಕಾಯಿದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸೇರುತ್ತದೆ. ಆದರೆ ಇದಕ್ಕೆಲ್ಲ ಬಿಲ್ಲು ಇರಬೇಕು, ಸರಕು ತಲುಪಿದ್ದಕ್ಕೆ ಅವರ ಸಹಿ ಇರಬೇಕು. ಬಾಯಿಲೆಕ್ಕಕ್ಕೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ.

ಕೈಮೀರುವ ಮೊದಲು

ಸಂಕಟ ಬಂದಾಗ ವೆಂಕಟರಮಣ ಎನ್ನುವುದು ಬೇಡ. ಒಂದು ನೂರು ಪುಟದ ನೋಟ್‌ಬುಕ್ ತಂದು ಈ ನಾಲ್ಕನ್ನು ಬರೆದಿಡಿ. ಒಂದು, ನಿಮ್ಮ ಹೆಸರಿನಲ್ಲಿ ಯಾವ ಯಾವ ಪರವಾನಗಿ, ಖಾತೆ, ಸಾಲ ಇವೆ. ಎರಡು, ಪ್ರತಿಯೊಂದರ ಮುಗಿಯುವ ತಾರೀಖು. ಮೂರು, ಯಾವ ಚೆಕ್ಕಿನ ಹಾಳೆ ಯಾರಿಗೆ, ಯಾವ ದಿನ, ಎಷ್ಟಕ್ಕೆ ಹೋಗಿದೆ. ನಾಲ್ಕು, ಎಲ್ಲಿ ಜಾಮೀನು ಸಹಿ ಮಾಡಿದ್ದೀರಿ. ನೋಟ್‌ಬುಕ್ ತುಂಬಲು ಯಜಮಾನರನ್ನೂ ಜೊತೆಗೆ ಕೂರಿಸಿಕೊಳ್ಳಿ. ಆ ಕಾಗದ ಬರೆದ ಸೋದರಿಗೆ ನಾನು ಹೇಳುವುದೂ ಇದನ್ನೇ. ಅಂಗಡಿ ಬಿಡಬೇಡಿ, ಹೆಸರು ತೆಗೆಸಲೂ ಬೇಡಿ. ನಿಮ್ಮ ಹೆಸರಿನ ಅಂಗಡಿಯ ಲೆಕ್ಕ ನಿಮಗೆ ಗೊತ್ತಿರಲಿ.

ಕೊನೆಯದಾಗಿ, ಎಷ್ಟೋ ಹೆಂಗಸರಿಗೆ ತಿಳಿಯದ ಒಂದು ವಿಷಯ. 1987ರ ಕಾನೂನು ಸೇವೆಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೂ ತಾಲ್ಲೂಕಿನಲ್ಲಿ ಅದರ ಸಮಿತಿಯೂ ಇವೆ. ಫೋನಿನಲ್ಲಿ ಕೇಳುವುದಾದರೆ 15100. ನೋಟೀಸು ಬಂದ ದಿನವೇ ಅದನ್ನು ಹಿಡಿದುಕೊಂಡು ಹೋಗಿ. ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟರೆ ತಾರೀಖು ನಿಲ್ಲುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಮಾವಿನ ಉಪ್ಪಿನಕಾಯಿ ವರ್ಷವಿಡೀ ಬೂಸಲು ಹಿಡಿಯದಂತೆ ಇಡುವ ಬಗ್ಗೆ ಕೇಳಿದವರಿಗೆ ಉತ್ತರ ಕೊಡುತ್ತೇನೆ. ನಿಮ್ಮ ಅಂಗಡಿ, ಮನೆ ವ್ಯಾಪಾರದ ಅನುಭವಗಳನ್ನೂ ಬರೆದು ಕಳಿಸಿ, ನಾಲ್ಕು ಜನರಿಗೆ ಉಪಯೋಗವಾಗಲಿ. ಬರಲೇ?